ಹತ್ತು ಗುಂಟೆ ಹಸಿರು

ಮಲ್ಲತ್ತಹಳ್ಳಿ,
9 ಜೂನ್ 2025

ಯೋಜನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ವಿಷಯ: ನಗರದ ಹೊಸ ಮಾಸ್ಟರ್ ಪ್ಲಾನ್ ಕರಡು ನಕ್ಷೆಗೆ ಆಕ್ಷೇಪಣೆ.

ಮಾನ್ಯರೇ,

ಹೊನ್ನಗನಪಾಳ್ಯದಲ್ಲಿ ಹಳೆಯ ಬಂಡಿದಾರಿಯ ಪಶ್ಚಿಮಕ್ಕೆ ನನ್ನ ಹೆಸರಿನಲ್ಲಿ ಹತ್ತು ಗುಂಟೆ ಜಮೀನಿದೆ. ಹಳೆಯ ನಕ್ಷೆಯಲ್ಲಿ ಇದಕ್ಕೆ ಹಸಿರು ಬಣ್ಣ ಹಾಕಿ ‘ಉದ್ಯಾನ’ ಎಂದು ಗುರುತಿಸಲಾಗಿದೆ. ನಲವತ್ತು ವರ್ಷ ಮೀರಿದರೂ ಅಲ್ಲಿ ಉದ್ಯಾನ ಆಗಿಲ್ಲ, ಒಂದು ಬೆಂಚು ಕೂಡ ಬಂದಿಲ್ಲ. ಹಸಿರು ಎಂಬ ಕಾರಣಕ್ಕೆ ಮನೆ ಕಟ್ಟಲು ಪರವಾನಗಿ ಸಿಗುತ್ತಿಲ್ಲ. ಸುತ್ತಲೂ ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿವೆ. ಜಮೀನು ಇದ್ದೂ ನಮ್ಮ ಕುಟುಂಬ ಬಾಡಿಗೆ ಮನೆಯಲ್ಲಿದೆ. ಹೊಸ ಕರಡಿನಲ್ಲಿಯೂ ಮುಂದಿನ ಇಪ್ಪತ್ತು ವರ್ಷಕ್ಕೆ ಅದೇ ಹಸಿರನ್ನು ಮುಂದುವರಿಸಲಾಗಿದೆ. ದಯವಿಟ್ಟು ಇದನ್ನು ಹಳದಿಗೆ, ಅಂದರೆ ವಸತಿ ಪ್ರದೇಶಕ್ಕೆ ಬದಲಾಯಿಸಿಕೊಡಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಲಕ್ಷ್ಮಿದೇವಮ್ಮ
(ದಿವಂಗತ ಹನುಮಂತಯ್ಯನವರ ಪತ್ನಿ)

ಸ್ವಾಮಿ, ಮೇಲಿನದನ್ನು ನನ್ನ ಮಗ ಸಿದ್ದೇಶ ಕಂಪ್ಯೂಟರಿನಲ್ಲಿ ಮಾಡಿಸಿದ್ದು. ಸಹಿ ನನ್ನದು. ಈ ಎರಡು ಸಾಲು ನನ್ನ ಕೈಬರಹ. ನಮಗೆ ಆತುರವೇನಿಲ್ಲ. ನಿಧಾನವಾಗಿಯೇ ನೋಡಿ.

*

ಬಸವೇಶ್ವರನಗರ,
28 ಜೂನ್ 2025

ಶ್ರೀಮತಿ ಲಕ್ಷ್ಮಿದೇವಮ್ಮನವರಿಗೆ ಬಸವಲಿಂಗಪ್ಪನ ಶರಣು.

ಇದು ಕಚೇರಿಯ ಪತ್ರವಲ್ಲ. ಕಚೇರಿಯವರಿಗೆ ಗೊತ್ತಾದರೆ ನನಗೆ ಬೈಗುಳ ಖಂಡಿತ. ನಾನು ಅಲ್ಲಿ ನಕ್ಷೆ ಬರೆಯುತ್ತಿದ್ದವನು, ನಿವೃತ್ತನಾಗಿ ಹದಿನೇಳು ವರ್ಷವಾಯಿತು. ಈಗ ಹೊಸ ಪ್ಲಾನಿಗೆ ಆಕ್ಷೇಪಣೆಗಳು ಮೂಟೆಗಟ್ಟಲೆ ಬಂದಿವೆ. ಕಂಪ್ಯೂಟರ್ ಮುಂದೆ ಕೂರುವವರಿಗೆ ಕೈಬರಹದ ಕನ್ನಡವೂ ತಿಳಿಯದು, ಖರಾಬು, ಬಂಡಿದಾರಿ ಎಂಬ ಮಾತುಗಳೂ ತಿಳಿಯವು. ಅದಕ್ಕೆ ನನ್ನನ್ನು ಬೆಳಗಿನ ಹೊತ್ತು ಕರೆಸಿಕೊಂಡು ಓದಿಸುತ್ತಾರೆ. ದಿನಕ್ಕೆ ಐವತ್ತು ಓದುತ್ತೇನೆ. ಎಲ್ಲರಿಗೂ ಆತುರ. ಆತುರವಿಲ್ಲ ಎಂದು ಬರೆದವರು ನೀವೊಬ್ಬರೇ. ಯಾರಪ್ಪಾ ಇವರು ಎಂದು ಊರಿನ ಹೆಸರು ನೋಡಿದೆ. ಆಮೇಲೆ ಆ ದಿನ ಇನ್ನೊಂದು ಕಾಗದ ಓದಲಾಗಲಿಲ್ಲ.

ನಿಮಗೆ ನೆನಪಿರಬಹುದು, ಇಲ್ಲದಿರಬಹುದು. 1982ರ ಮಾಘದಲ್ಲಿ ನಾವು ಮೂವರು ಸರಪಳಿ, ಹಲಗೆ ಹೊತ್ತುಕೊಂಡು ಹೊನ್ನಗನಪಾಳ್ಯವನ್ನು ಅಳೆಯಲು ಬಂದಿದ್ದೆವು. ಎರಡು ವಾರ ನಿಮ್ಮ ಜಗಲಿಯಲ್ಲೇ ಮಧ್ಯಾಹ್ನದ ಊಟ. ದಾವಣಗೆರೆ ಕಡೆಯ ರೊಟ್ಟಿ ತಿನ್ನುವ ನಾನು ಮುದ್ದೆಯನ್ನು ಅಗಿಯತೊಡಗಿದಾಗ ನಿಮ್ಮ ಅತ್ತೆ ಬಿದ್ದುಬಿದ್ದು ನಕ್ಕರು. ನೀವು ಮಾತ್ರ ನಗಲಿಲ್ಲ. ಬಡಿಸಿ ಒಳಗೆ ಹೋಗಿಬಿಟ್ಟಿರಿ. ಸರಪಳಿ ಹಿಡಿಯಲು ಬಂದಿದ್ದ ನಿಮ್ಮೂರಿನವನೊಬ್ಬ ಆಮೇಲೆ ಹೇಳಿದ: “ಆಯಮ್ಮಂದು ಮೂರು ವರ್ಸದ ಹೆಣ್ ಕೂಸು, ಜ್ವರ ಬಂದು ಹೋಗ್ಬಿಡ್ತು ಸಾರ್. ಇನ್ನೂ ಮೂರ್ ತಿಂಗ್ಳಾಗಿಲ್ಲ.”

ದಿನವೂ ಬಿಸಿಲು ಇಳಿಯುವ ಹೊತ್ತಿಗೆ ನೀವು ಬಂಡಿದಾರಿಯ ಪೂರ್ವಕ್ಕಿದ್ದ ಹೊಂಗೆಮರದ ಕೆಳಗೆ ಕೂರುತ್ತಿದ್ದಿರಿ. ಅಲ್ಲೊಂದು ಮೊಣಕಾಲೆತ್ತರದ ಕಲ್ಲು, ಅದಕ್ಕೆ ಕುಂಕುಮ, ಬಾಡಿದ ಹೂವು. ನಿಮ್ಮ ಕಡೆ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆಂದು ಕೇಳಿದ್ದೆ. ನಮ್ಮಲ್ಲೂ ಮಣ್ಣು ಮಾಡಿದ ಕಡೆ ಕಲ್ಲಿಡುತ್ತೇವೆ. ಕೂಸು ಇರುವುದು ಅಲ್ಲೇ ಎಂದುಕೊಂಡೆ.

ಕಚೇರಿಗೆ ಹಿಂದಿರುಗಿ ಇಡೀ ನಗರವನ್ನು ಮಂಚದಷ್ಟು ದೊಡ್ಡ ಮೇಜಿನ ಮೇಲೆ ಹಾಸಿಕೊಂಡೆವು. ಮನೆಗಳಿಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ. ಹೊಲದಲ್ಲಿ ಮಲಗಿರುವವರಿಗೆ ನಮ್ಮಲ್ಲಿ ಬಣ್ಣವಿರಲಿಲ್ಲ. ನಾಳೆ ಯಾರೂ ಅಲ್ಲಿ ಪಾಯ ತೋಡದಿರಲಿ ಎಂದು ನಾನೇ, ಯಾರನ್ನೂ ಕೇಳದೆ, ಹತ್ತು ಗುಂಟೆಗೆ ಹಸಿರು ಹಾಕಿ ‘ಉದ್ಯಾನ’ ಎಂದು ಬರೆದೆ.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಆಗ ಅರೆಪಾರದರ್ಶಕವಾದ ನಕ್ಷೆ ಬಟ್ಟೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಶಾಯಿ ಕದಡದಿರಲೆಂದು ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ಬಣ್ಣ ತುಂಬುತ್ತಿದ್ದೆವು. ಮರ, ಕಲ್ಲು ದಾರಿಯ ಬಲಕ್ಕೆ ಎಂದು ಮನಸ್ಸಿನಲ್ಲಿಟ್ಟುಕೊಂಡು ಬಲಕ್ಕೇ ತುಂಬಿದೆ. ಮಗುಚಿದ ಬಟ್ಟೆಯಲ್ಲಿ ಬಲ ಎಡವಾಗಿತ್ತು. ಹಸಿರು ಹೋಗಿ ದಾರಿಯ ಪಶ್ಚಿಮದ ನಿಮ್ಮ ಕಣದ ಮೇಲೆ ಕೂತಿತು. ಕಲ್ಲಿದ್ದ ಪೂರ್ವದ ಕಡೆ ಹಳದಿಯಾಯಿತು. ನಕ್ಷೆ ಅಚ್ಚಾಗಿ ಬಂದ ಮೇಲೆ ನೋಡಿಕೊಂಡೆ. ಮೇಲಿನವರಿಗೆ ಹೇಳುವ ಧೈರ್ಯ ಬರಲಿಲ್ಲ. ಹತ್ತೊಂಬತ್ತು ವರ್ಷ ಕಳೆದು ಕೆಂಗೇರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಂಗೆಮರ ಇರಲಿಲ್ಲ. ಆ ಕಡೆ ಪೂರ್ತಿ ಸೈಟುಗಳಾಗಿ ಮನೆಗಳೆದ್ದಿದ್ದವು. ನಾನು ಬಸ್ಸಿನಿಂದ ಇಳಿಯಲಿಲ್ಲ.

ಕೂಸಿನ ಜಾಗ ಉಳಿಸಲು ಹೋಗಿ ಮನೆಗಳ ಅಡಿಗೆ ಕೊಟ್ಟವನು ನಾನು. ಜೊತೆಗೆ ನಿಮ್ಮ ಕಣಕ್ಕೆ ಬೀಗ ಹಾಕಿದವನೂ ನಾನೇ. ಮೊದಲನೆಯದನ್ನು ತಿದ್ದಲಾರೆ. ಎರಡನೆಯದನ್ನು ತಿದ್ದಬಲ್ಲೆ. ಹಸಿರು ಬಿದ್ದದ್ದು ನನ್ನ ಕೈತಪ್ಪಿನಿಂದ ಎಂದು ಹೇಳಿಕೆ ಬರೆದುಕೊಟ್ಟರೆ ನಿಮ್ಮ ಮಗನ ಅರ್ಜಿ ಸಲೀಸಾಗಿ ಗೆಲ್ಲುತ್ತದೆ.

ಫೋನ್ ಮಾಡಿ ಬೈಯಿರಿ ಎನ್ನೋಣವೆಂದರೆ ನನ್ನ ಕಿವಿ ಕೈಕೊಟ್ಟು ಏಳು ವರ್ಷ. ಬೈಗುಳವನ್ನೂ ಬರೆದೇ ಕಳಿಸಬೇಕು.

ನಿಮ್ಮ ಕ್ಷಮೆಗೆ ಅರ್ಹನಲ್ಲದ,
ಬಸವಲಿಂಗಪ್ಪ

*

ಮಲ್ಲತ್ತಹಳ್ಳಿ,
15 ಜುಲೈ 2025

ನಕ್ಷೆ ಸಾಹೇಬರಿಗೆ ಲಕ್ಷ್ಮಿದೇವಮ್ಮ ಮಾಡುವ ನಮಸ್ಕಾರಗಳು.

ಮುದ್ದೆ ಅಗಿದು ತಿಂದ ಸಾಹೇಬರನ್ನು ನಮ್ಮೂರು ಹೇಗೆ ಮರೆಯುತ್ತದೆ? ನಮ್ಮತ್ತೆ ಸಾಯುವವರೆಗೂ ಆ ಕತೆ ಹೇಳಿ ನಗುತ್ತಿದ್ದರು. ಆಗ ನಗದೆ ಒಳಗೆ ಹೋದ ನಾನು ಮುಂದೆ ಎಷ್ಟೋ ವರ್ಷಕ್ಕೆ ಒಬ್ಬಳೇ ರಾಗಿ ಬೀಸುವಾಗ ನೆನೆಸಿಕೊಂಡು ನಕ್ಕಿದ್ದೇನೆ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಏಳನೇ ಕ್ಲಾಸಿನವರೆಗೆ ಓದಿದವಳು, ನಿಧಾನವಾಗುತ್ತದೆ. ನನಗೆ ನಿಮ್ಮ ಮೇಲೆ ಕೋಪವಿಲ್ಲ. ಆ ಕಲ್ಲಿನ ವಿಚಾರ ಬಿಟ್ಟುಬಿಡಿ. ಪೂರ್ವದ ಜಮೀನನ್ನು ನಮ್ಮ ಯಜಮಾನರು ತೊಂಬತ್ತೆಂಟರಲ್ಲಿ ಮಾರಿದರು. ಅವರು ಹೋಗಿ ಇಪ್ಪತ್ತೆರಡು ವರ್ಷವಾಯಿತು.

ಪಶ್ಚಿಮದ ಹತ್ತು ಗುಂಟೆ ಹೇಗಿದೆ ಗೊತ್ತೇ? ಮೂರು ಕಡೆ ಕಟ್ಟಡ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತವೆ. ಕಡಿದುಹೋದ ಹೊಂಗೆಯ ಬೀಜ ದಾರಿ ದಾಟಿ ಬಂದು ಇಲ್ಲಿ ಮೊಳೆತು, ಈಗ ಎರಡಾಳೆತ್ತರದ ಮರವಾಗಿದೆ. ಹೂವು ಬಿಟ್ಟಾಗ ನೆಲವೆಲ್ಲ ಅರಳು ಚೆಲ್ಲಿದ ಹಾಗಿರುತ್ತದೆ. ವಾರಕ್ಕೆ ಎರಡು ಸಲ ಬಸ್ಸು ಹಿಡಿದು ಹೋಗಿ ಕೂರುತ್ತೇನೆ. ಯಾರೋ ಕಸದ ಕವರು ಎಸೆದಿರುತ್ತಾರೆ, ಮೇಲೆ ನೋಡಿ ಕೂಗಾಡುತ್ತೇನೆ, ಆಮೇಲೆ ನಾನೇ ಎತ್ತುತ್ತೇನೆ. ಒಮ್ಮೊಮ್ಮೆ ಹಾಗೇ ಕಣ್ಣು ಹತ್ತುತ್ತದೆ. ಆಗ ಕಟ್ಟಡಗಳೆಲ್ಲ ದೂರ ಸರಿದು ರಾಗಿ ತೆನೆ ತುಳಿಸುವ ಸದ್ದು ಕೇಳುತ್ತದೆ. ಎದ್ದು ನೋಡಿದರೆ ಯಾರದೋ ಮನೆಯ ಮಿಕ್ಸಿ.

ಮೊಮ್ಮಗಳು ಅನು ನಿಮ್ಮ ಹೊಸ ನಕ್ಷೆಯನ್ನು ಫೋನಿನಲ್ಲಿ ತೋರಿಸಿದಳು. ಎಷ್ಟು ಚೆಂದದ ಊರು! ಹಳದಿಯಲ್ಲಿ ನೀಲಿ, ನೀಲಿಯಲ್ಲಿ ಕೆಂಪು. ಅಂಥ ಊರಿನಲ್ಲಿ ಯಾರು ಇರುತ್ತಾರೋ ಅನ್ನಿಸಿತು. ನಮ್ಮ ಹತ್ತು ಗುಂಟೆ ಅದರಲ್ಲಿ ಸಾಸಿವೆ ಕಾಳಿನಷ್ಟು. ಅನು ಡಿಗ್ರಿ ಎರಡನೇ ವರ್ಷ. ಅವಳ ಪೂರ್ತಿ ಹೆಸರು ಅನಸೂಯ. ಕಾಲೇಜಿನಲ್ಲಿ ಯಾರಿಗೂ ಹೇಳುವುದಿಲ್ಲ, ಪುಸ್ತಕದ ಮೇಲೂ ‘ಅನು’ ಎಂದೇ ಬರೆಯುತ್ತಾಳೆ. “ಯಾರಜ್ಜಿ ನಂಗೆ ಈ ಅಜ್ಜಿ ಹೆಸ್ರು ಇಟ್ಟಿದ್ದು?” ಎಂದು ಇವತ್ತಿಗೂ ನನ್ನ ಜೊತೆ ಜಗಳ. ಇಟ್ಟವಳು ನಾನೇ. ಮಗ, ಸೊಸೆ ಬೇರೆ ಹೆಸರು ಆರಿಸಿಕೊಂಡಿದ್ದರು. ನಾನು ಎರಡು ದಿನ ಊಟ ಬಿಟ್ಟು ಕೂತೆ. ಮುದುಕಿಯ ಹಟ ಎಂದು ಸಿದ್ದೇಶ ಒಪ್ಪಿಕೊಂಡ.

ಸಿದ್ದೇಶ ಒಳ್ಳೆಯವನು. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡು ದುಡಿಯುತ್ತಾನೆ. ಸ್ವಂತ ಮನೆ ಕಟ್ಟಬೇಕೆಂಬುದು ಅವನ ಒಂದೇ ಆಸೆ. ಅವನಿಗೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಸಹಿ ಹಾಕಿದೆ.

ಆದರೆ ಸಾಹೇಬರೇ, ನೀವು ಹೇಳಿಕೆ ಕೊಡಬೇಡಿ. ನಿಮ್ಮ ತಪ್ಪನ್ನು ತಿದ್ದಬೇಡಿ. ಅದು ಇದ್ದ ಹಾಗೇ ಇರಲಿ. ಯಾಕೆ ಎಂದು ಕೇಳಬೇಡಿ.

ಇಂತಿ,
ಲಕ್ಷ್ಮಿದೇವಮ್ಮ

*

ಬಸವೇಶ್ವರನಗರ,
2 ಆಗಸ್ಟ್ 2025

ಲಕ್ಷ್ಮಿದೇವಮ್ಮನವರಿಗೆ ಶರಣು.

ನಿಮ್ಮ ಪತ್ರ ಎಲ್ಲೆಲ್ಲಿ ಸುತ್ತಿತೋ, ನಿನ್ನೆ ಕೈಸೇರಿತು. ನಾನು ಜುಲೈ 21ರಂದೇ ಹೇಳಿಕೆ ಕೊಟ್ಟುಬಿಟ್ಟೆ. ನಿಮ್ಮಿಂದ ಉತ್ತರ ಬಾರದ್ದನ್ನು ಕೋಪವೆಂದು ತಿಳಿದೆ. ಕೋಪ ನ್ಯಾಯವೇ ಎಂದುಕೊಂಡೆ.

ನಿಮ್ಮ ಕಡೆಯ ಕಡತ ನೋಡುವ ಅಧಿಕಾರಿಯ ಹೆಸರು ವಚನಾ. ಸಣ್ಣ ವಯಸ್ಸು, ಚುರುಕು. ನನ್ನೊಂದಿಗೆ ಮಾತಾಡಬೇಕಾದರೆ ಚೀಟಿಯಲ್ಲಿ ಬರೆದು ತೋರಿಸುತ್ತಾಳೆ. ನನ್ನ ಹೇಳಿಕೆ ಓದಿ, ‘ಸಾರ್, ಇಷ್ಟು ಪ್ರಾಮಾಣಿಕವಾದ ಕಾಗದ ಈ ಕಚೇರಿಯಲ್ಲಿ ನೋಡಿಲ್ಲ’ ಎಂದು ಬರೆದಳು. ತಪ್ಪು ಸಾಬೀತಾಗಿದೆ, ಹಳದಿಗೆ ಶಿಫಾರಸು ಮಾಡುತ್ತೇನೆ ಎಂದಳು. ಆಗಸ್ಟ್ 19ರ ಬೆಳಿಗ್ಗೆ ಹನ್ನೊಂದಕ್ಕೆ ಅಹವಾಲು ಸಭೆ. ನಿಮಗೂ ನೋಟಿಸು ಬರುತ್ತದೆ. ಎದುರಾಡುವವರು ಯಾರೂ ಇಲ್ಲದ್ದರಿಂದ ಐದು ನಿಮಿಷದ ಕೆಲಸ.

ನೀವು ಬೇಡವೆಂದದ್ದು ನನ್ನ ಮುಖ ಉಳಿಸಲು ಎಂದು ನನಗೆ ಅನ್ನಿಸುತ್ತದೆ. ಅಷ್ಟು ದೊಡ್ಡ ಮನಸ್ಸು ನನ್ನ ವಿಷಯದಲ್ಲಿ ಬೇಡ. ಅದಲ್ಲದೆ ಬೇರೆ ಕಾರಣವಿದ್ದರೆ ತಿಳಿಸಿ. ಕಾರಣ ಕೇಳಬೇಡಿ ಎಂದಿದ್ದೀರಿ, ಆದರೂ ಕೇಳುತ್ತಿದ್ದೇನೆ.

ನಕ್ಷೆಯ ಆ ಊರಿನಲ್ಲಿ ಯಾರಿರುತ್ತಾರೆ ಎಂದಿರಿ. ನಾನು ಇದ್ದೇನೆ, ಲಕ್ಷ್ಮಿದೇವಮ್ಮನವರೇ. ಮೂವತ್ತು ವರ್ಷ ಅದರಲ್ಲೇ ಇದ್ದೆ. ಮಧ್ಯಾಹ್ನ ಊಟವಾದ ಮೇಲೆ ಈಗಲೂ ಕಣ್ಣು ಮುಚ್ಚಿದರೆ ಆ ಬೀದಿಗಳಲ್ಲಿ ನಡೆಯುತ್ತೇನೆ. ನಾವು ಬರೆದ ರಸ್ತೆಗಳೆಲ್ಲ ನೆಟ್ಟಗಿವೆ, ಕೆರೆಗಳಲ್ಲಿ ನೀರಿದೆ, ಹಸಿರು ಹಾಕಿದ ಕಡೆಯೆಲ್ಲ ಮಕ್ಕಳು ಆಡುತ್ತಿದ್ದಾರೆ. ಕಿವಿ ಹೋದ ಮೇಲೆ ಅಲ್ಲಿ ವಾಹನಗಳ ಸದ್ದೂ ಇಲ್ಲ. ಹೊನ್ನಗನಪಾಳ್ಯದ ತಿರುವಿಗೆ ಬಂದಾಗ ಮಾತ್ರ ದಾರಿ ತಪ್ಪುತ್ತದೆ. ಮರ ಬಲಕ್ಕಿತ್ತೋ ಎಡಕ್ಕಿತ್ತೋ ತಿಳಿಯದೆ ನಿಂತುಬಿಡುತ್ತೇನೆ.

ನಿಮ್ಮ,
ಬಸವಲಿಂಗಪ್ಪ

*

ಮಲ್ಲತ್ತಹಳ್ಳಿ,
6 ಆಗಸ್ಟ್ 2025

ಸಾಹೇಬರಿಗೆ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಆತುರವಿಲ್ಲ ಎಂದು ಬರೆದವಳಿಗೆ ಈಗ ಆತುರ ಬಂದಿದೆ.

ನೀವು ನೋಡಿದ ಕಲ್ಲು ನನ್ನ ಮಗಳದ್ದಲ್ಲ. ಅದು ಕಾಟಮರಾಯನ ಕಲ್ಲು. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಮೊದಲು ಊರಿನವರು ಪೂಜೆ ಮಾಡುತ್ತಿದ್ದ ದೇವರು. ನೀವು ಬಂದದ್ದು ಹಬ್ಬ ಕಳೆದ ಹೊಸದರಲ್ಲಿ, ಹೂವು, ಕುಂಕುಮ ಇದ್ದದ್ದು ಅದಕ್ಕೆ. ಈಗ ಆ ಕಲ್ಲನ್ನು ಎತ್ತಿ ಕೂಡುರಸ್ತೆಯ ಗುಡಿಯಲ್ಲಿಟ್ಟಿದ್ದಾರೆ, ಸುಖವಾಗಿದೆ.

ನಮ್ಮಲ್ಲಿ ಸಣ್ಣ ಮಕ್ಕಳಿಗೆ ಕಲ್ಲು ನೆಡುವುದಿಲ್ಲ. ಮಣ್ಣು ಮುಚ್ಚಿ, ಮೇಲೆ ರಾಗಿ ಚೆಲ್ಲಿ ಬಂದುಬಿಡುತ್ತಾರೆ. ಗುರುತು ಇರಬಾರದು, ಇದ್ದರೆ ತಾಯಿ ಅಲ್ಲೇ ಕೂತುಬಿಡುತ್ತಾಳೆ ಎಂದು. ನನ್ನ ಮಗಳನ್ನು ಮಣ್ಣು ಮಾಡಿದ್ದು ಪಶ್ಚಿಮದ ಕಣದ ಮೂಲೆಯಲ್ಲಿ. ಅಲ್ಲಿ ಕೂರಲು ನಮ್ಮತ್ತೆ ಬಿಡುತ್ತಿರಲಿಲ್ಲ. ಅದಕ್ಕೆ ದಾರಿಯ ಪೂರ್ವಕ್ಕೆ, ಮರದ ಕೆಳಗೆ, ಕಲ್ಲಿಗೆ ಒರಗಿ ಕೂರುತ್ತಿದ್ದೆ. ನೀವು ನಾನು ಕೂತದ್ದನ್ನು ನೋಡಿದಿರಿ. ನಾನು ಯಾವ ಕಡೆ ನೋಡುತ್ತಿದ್ದೆ ಎಂಬುದನ್ನು ನೋಡಲಿಲ್ಲ.

ನಿಮ್ಮ ಕೈ ಸರಿಯಾಗಿದ್ದರೆ ಕಲ್ಲು ಉಳಿಯುತ್ತಿತ್ತು, ಅವಳು ಹೋಗುತ್ತಿದ್ದಳು. ತೊಂಬತ್ತೆಂಟರಲ್ಲಿ ಯಜಮಾನರು ಎರಡೂ ಕಡೆ ಮಾರಲು ಹೊರಟಿದ್ದರು. ಹಸಿರು ಎಂದು ಗೊತ್ತಾಗಿ ಪಶ್ಚಿಮದ್ದನ್ನು ಯಾರೂ ಕೊಳ್ಳಲಿಲ್ಲ. ಅವತ್ತು ಯಜಮಾನರು ನಕ್ಷೆ ಬರೆದವನ ವಂಶವನ್ನೆಲ್ಲ ಬೈದರು. ನಾನು ಅಡುಗೆಮನೆಯಲ್ಲಿ ನಿಂತು ಅದೇ ನಕ್ಷೆ ಬರೆದವನಿಗೆ ಕೈಮುಗಿದೆ. ಅದು ನೀವೆಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಈಗಲೂ ಕೈಮುಗಿಯುತ್ತೇನೆ.

ಸಿದ್ದೇಶನಿಗೆ ಒಬ್ಬ ಅಕ್ಕ ಇದ್ದಳೆಂಬುದೇ ಗೊತ್ತಿಲ್ಲ. ಅವನು ಹುಟ್ಟಿದ ದಿನ ಯಜಮಾನರು ನನ್ನಿಂದ ಮಾತು ತೆಗೆದುಕೊಂಡರು: “ಹೋದೋಳ ಸುದ್ದಿ ಈ ಮನೇಲಿ ಇನ್ ಎತ್ಬೇಡ. ಈ ಕೂಸಿಗೆ ಆಗಲ್ಲ.” ಹೆದರಿಕೆ ಅವರಿಗೆ, ನನಗೂ. ಒಂದು ವರ್ಷ ಹೇಳಲಿಲ್ಲ, ಹತ್ತು ವರ್ಷ ಹೇಳಲಿಲ್ಲ, ಆಮೇಲೆ ಹೇಗೆ ಹೇಳುವುದು ಎಂದೇ ತಿಳಿಯಲಿಲ್ಲ. ಗೊತ್ತಿದ್ದವರು ಒಬ್ಬೊಬ್ಬರೇ ತೀರಿಕೊಂಡರು, ಊರೂ ಚದುರಿತು. ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು.

ನಿಮ್ಮ ಊರು ಬೆಳೆದ ಹಾಗೆ ನಾನು ಅವಳನ್ನೂ ಬೆಳೆಸಿದ್ದೇನೆ. ಹತ್ತು ವರ್ಷದವಳಿಗೆ ಜಡೆ ಹಾಕಿದೆ, ಇಪ್ಪತ್ತಕ್ಕೆ ಮದುವೆ ಮಾಡಿದೆ. ಈಗ ನಲವತ್ತಾರು, ಕನ್ನಡಕ ಬಂದಿದೆ. ಹೊಂಗೆ ಕೆಳಗೆ ಕೂತಾಗ ಪಕ್ಕದಲ್ಲೇ ಕೂತು, ಮಂಡಿ ನೋವು ಎನ್ನುತ್ತಾಳೆ. ಅವಳ ಮೇಲೆ ಪಿಲ್ಲರ್ ಎಬ್ಬಿಸಿ, ಆ ಮನೆಯಲ್ಲಿ ನಾನು ಹಾಲು ಉಕ್ಕಿಸುವುದು ಹೇಗೆ?

ಹೇಗಾದರೂ ಮಾಡಿ ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳಿ.

ಲಕ್ಷ್ಮಿದೇವಮ್ಮ

*

ಬಸವೇಶ್ವರನಗರ,
20 ಆಗಸ್ಟ್ 2025

ಲಕ್ಷ್ಮಿದೇವಮ್ಮನವರಿಗೆ,

ನಿಮ್ಮ ಪತ್ರ ಸಿಕ್ಕಿದ ದಿನವೇ ಕಚೇರಿಗೆ ಓಡಿದೆ. ಹೇಳಿಕೆ ವಾಪಸ್ ಬೇಕೆಂದೆ. ವಚನಾ ಚೀಟಿಯಲ್ಲಿ ಬರೆದಳು: ‘ನೀವು ಬರೆದದ್ದು ನಿಜವೋ, ಸುಳ್ಳೋ?’ ನಿಜ ಎಂದೆ. ‘ನಿಜವನ್ನು ವಾಪಸ್ ತಗೊಳ್ಳೋದು ಹೇಗೆ ಸಾರ್?’ ನಿಮ್ಮ ಗುಟ್ಟು ಹೇಳಲು ನನಗೆ ಹಕ್ಕಿರಲಿಲ್ಲ. ಜಮೀನಿನ ಒಡತಿ ಬಂದು ಬೇಡ ಎಂದರೆ ಮಾತ್ರ ಆದೀತು ಎಂದಳು. ಅದನ್ನು ಅವತ್ತೇ ಎರಡು ಸಾಲಿನಲ್ಲಿ ನಿಮಗೆ ಬರೆದು ಹಾಕಿದೆ.

ನಿನ್ನೆ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀವು ನನ್ನನ್ನು ಗುರುತಿಸಲಿಲ್ಲ. ಗುರುತಿಸುವಂತೆ ನಾನೂ ಉಳಿದಿಲ್ಲ. ನಾನು ನಿಮ್ಮನ್ನು ಬಾಗಿಲಲ್ಲೇ ಗುರುತಿಸಿದೆ. ನಿಮ್ಮ ಮಗ ಮುಂದೆ ಕೂತಿದ್ದ, ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು. ಪಕ್ಕದಲ್ಲಿ ಅನು ಇರಬೇಕು.

ಹೆಸರಿಗಷ್ಟೇ ಇರುವ ಕಿವಿಯ ಯಂತ್ರ ಕುಯ್ಯೆಂದು ಕೂಗತೊಡಗಿದ್ದರಿಂದ ತೆಗೆದು ಜೇಬಿನಲ್ಲಿಟ್ಟಿದ್ದೆ. ಹಾಗಾಗಿ ಎಲ್ಲವೂ ನನ್ನ ಆ ಸದ್ದಿಲ್ಲದ ಊರಿನಲ್ಲಿ ನಡೆದಂತೆ ನಡೆಯಿತು. ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ಬೆಳಗುತ್ತಿತ್ತು. ವಚನಾ ಏನೋ ಓದಿದಳು. ಸಿದ್ದೇಶ ತಲೆಯಾಡಿಸಿದ. ಆಗ ನೀವು ಎದ್ದು ನಿಂತು ಬೇಡವೆಂದು ಕೈಯಾಡಿಸಿದಿರಿ. ವಚನಾ ಏನೋ ಕೇಳಿದಳು. ನೀವು ಒಂದೇ ಒಂದು ಮಾತು ಆಡಿದಿರಿ. ಹೆಚ್ಚೆಂದರೆ ನಾಲ್ಕು ಪದ. ಅವಳ ಪೆನ್ನು ನಿಂತಿತು. ಸಿದ್ದೇಶ ನಿಮ್ಮ ಕಡೆ ತಿರುಗಿದ. ಫೈಲು ಕೆಳಗೆ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಆಮೇಲೆ ನೀವು ಮೂವರೂ ಹೊರಗೆ ಹೋದಿರಿ.

ಹಿಂದೆ ಬರಬೇಕೆನಿಸಿತು. ಅದು ನಿಮ್ಮ ಮನೆಯವರ ಮಾತು, ಅಲ್ಲಿ ನನಗೇನು ಕೆಲಸ ಎಂದು ಕೂತೇ ಇದ್ದೆ. ವಚನಾಳನ್ನು ಕೇಳಿದರೆ ಅವಳು ಕಣ್ಣೊರೆಸಿಕೊಂಡು, ಅಮ್ಮನವರನ್ನೇ ಕೇಳಿ ಎಂದು ಬರೆದಳು. ನಿಮ್ಮ ಕಣ್ಣಿಗೆ ಬೀಳದೆ ಹಿಂದಿನ ಬಾಗಿಲಿನಿಂದ ಮನೆಗೆ ಹೊರಟೆ.

ಏನು ಹೇಳಿದಿರಿ?

ಬಸವಲಿಂಗಪ್ಪ

*

ಮಲ್ಲತ್ತಹಳ್ಳಿ,
3 ಸೆಪ್ಟೆಂಬರ್ 2025

ಸಾಹೇಬರಿಗೆ ಲಕ್ಷ್ಮಿದೇವಮ್ಮನ ನಮಸ್ಕಾರಗಳು.

ಮೊದಲು ಕೆಲಸದ ಮಾತು. ಬರುವ ಭಾನುವಾರ ಹೊನ್ನಗನಪಾಳ್ಯಕ್ಕೆ ಬನ್ನಿ. ಈ ಸಲ ಬಸ್ಸಿನಿಂದ ಇಳಿಯಿರಿ. ಮರ ದಾರಿಯ ಪಶ್ಚಿಮಕ್ಕಿದೆ, ಇನ್ನು ತಪ್ಪಬೇಡಿ. ಅನು ಚಾಪೆ ತರುತ್ತಾಳೆ, ನಾನು ಮುದ್ದೆ, ಸೊಪ್ಪಿನ ಸಾರು ತರುತ್ತೇನೆ. ಅಗಿಯುವ ಹಾಗಿಲ್ಲ, ನುಂಗಬೇಕು. ಹಿಂದಿನ ಸಾಲಿನಲ್ಲಿ ಕೂತಿದ್ದ ಬಿಳಿಗಡ್ಡದವರು ನೀವೇ ಎಂದು ಗೊತ್ತಾಗಿದ್ದರೆ ಅಲ್ಲೇ ಮಾತಾಡಿಸುತ್ತಿದ್ದೆ.

ಇನ್ನು ನೀವು ಕೇಳಿದ್ದು. ನಾನು ಬೇಡ ಎಂದಾಗ ಆ ಹುಡುಗಿ ಕೇಳಿದಳು: “ಯಾಕಮ್ಮ ಬೇಡ ಅಂತೀರ? ಕೇಳ್ತಾ ಇರೋದು ನಿಮ್ ಮಗನೇ ಅಲ್ವಾ?” ಹಿಂದಿನ ದಿನವೆಲ್ಲ ಏನೇನೋ ಜೋಡಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: “ಅವನ ಅಕ್ಕ ಅಲ್ಲಿದಾಳೆ ಕಣಮ್ಮ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಸಿದ್ದೇಶ ಕೈಯ ಗ್ರೀಸಿನ ಕಲೆಯನ್ನು ಉಜ್ಜುತ್ತಾ ಕೂತಿದ್ದ. ಇಷ್ಟು ವರ್ಷ ಮುಚ್ಚಿಟ್ಟೆಯಲ್ಲ ಎಂದು ಕೂಗಾಡಲಿ ಎಂದು ನಾನೇ ಕಾಯುತ್ತಿದ್ದೆ. ಅವನು ಕೂಗಾಡಲಿಲ್ಲ. “ಎಷ್ಟ್ ವರ್ಷದವಳಮ್ಮ?” ಎಂದ. ಮೂರು ಎಂದೆ. “ನನ್ ಥರ ಇದ್ಲಾ?” ಎಂದ. ಮೂಗು ನಿನ್ನದೇ ಎಂದೆ. ತನ್ನ ಮೂಗು ಮುಟ್ಟಿಕೊಂಡ. ಆಮೇಲೆ ಕೇಳಿದ:

“ಹೆಸರೇನಿತ್ತಮ್ಮ?”

ನಲವತ್ತಮೂರು ವರ್ಷ ಆ ಮಗುವಿನ ಹೆಸರಾಗಿ ನಾಲಿಗೆಯ ಮೇಲೆ ಬಾರದ್ದು, ಅವತ್ತೂ ಬರಲಿಲ್ಲ. ನಾನು ಅನುವಿನ ಕಡೆ ನೋಡಿದೆ. ನಾನು ನೋಡಿದ್ದನ್ನು ಸಿದ್ದೇಶ ನೋಡಿದ. ಅವನೂ ಮಗಳ ಮುಖ ನೋಡಿದ. “ಅದಕ್ಕಾ ನೀನು ಊಟ ಬಿಟ್ ಕೂತಿದ್ದು?” ಎಂದವನು ನನ್ನ ಮಡಿಲಿಗೆ ತಲೆಯಿಟ್ಟು, ಅಷ್ಟು ಜನ ಓಡಾಡುವ ಕಡೆ, ಅತ್ತುಬಿಟ್ಟ. ನಾನೂ ಅತ್ತೆ. ಅವಳು ಹೋದಾಗ ಹೀಗೆ ಅಳಲು ನನ್ನನ್ನು ಯಾರೂ ಬಿಟ್ಟಿರಲಿಲ್ಲ.

ಆಮೇಲೆ ಅವನೇ ಎದ್ದ. “ಮನೆ ಎಲ್ಲಾದ್ರೂ ಆಗುತ್ತೆ ಬಿಡಮ್ಮ” ಎಂದು ಮೆಟ್ಟಿಲು ಹತ್ತಿದ. ಹಸಿರು ಹಾಗೇ ಇರಲಿ ಎಂದು ಹೊಸ ಕಾಗದ ಬರೆದುಕೊಡಬೇಕಿತ್ತು. ಅದನ್ನು ಅವನೇ ಬರೆದ, ಕೆಳಗೆ ನನ್ನ ಸಹಿ ಹಾಕಿಸಿದ. ಸಾಕ್ಷಿಯ ಸಹಿಯೊಂದು ಬೇಕು ಎಂದಳು ವಚನಾ. ಅನು ಪೆನ್ನು ತೆಗೆದುಕೊಂಡಳು. ‘ಅನು’ ಎಂದು ಬರೆದು ಒಂದು ಕ್ಷಣ ನಿಂತಳು, ಹೊಡೆದುಹಾಕಿದಳು. ಅದರ ಪಕ್ಕದಲ್ಲಿ ದುಂಡಗೆ, ನಿಧಾನವಾಗಿ, ಅನಸೂಯ ಎಂದು ಬರೆದಳು.

ಭಾನುವಾರ ಕಾಯುತ್ತಿರುತ್ತೇವೆ.

ಇಂತಿ,
ಲಕ್ಷ್ಮಿದೇವಮ್ಮ